ಚೌಡಿಗೆ ಲೋಬಾನ

ಖುರ್ಷಿದ್ ಬೇಗಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಭದ್ರಾವತಿ ಹಳೇನಗರದ ಅವಳ ಬೀದಿಯವರು ಹೇಳುತ್ತಾರೆ. ಅವರಿಗೇನು ಗೊತ್ತು! ಮೂಗಿನ ತುದಿಯಲ್ಲಿರುವುದು ಚಿಲ್ಲರೆ ಸಿಟ್ಟು. ಕೊಳೆತ ಟೊಮೆಟೊ ತೂಗುವವನ ಮೇಲೆ, ನಲ್ಲಿ ನೀರು ಬಿಡುವವನ ಮೇಲೆ, ಮೂರು ಸಲ ಕರೆದರೂ ಮೊಬೈಲಿನಿಂದ ತಲೆಯೆತ್ತದ ಮೊಮ್ಮಗಳ ಮೇಲೆ ಬಂದು ಹೋಗುವಂಥದ್ದು. ಅಸಲು ಸಿಟ್ಟು ಬೇರೆ ಇತ್ತು. ಅದಕ್ಕೆ ಅರವತ್ತಮೂರು ವರ್ಷ ವಯಸ್ಸಾಗಿತ್ತು, ಮತ್ತು ಅದು ಪೂರ್ತಿಯಾಗಿ ಅವಳ ಹೆತ್ತ ತಾಯಿಯ ಮೇಲಿತ್ತು.

ತಾಯಿಯ ಹೆಸರು ಜೈತೂನ್ ಬಿ. ಖುರ್ಷಿದ್‌ಗೆ ಆರು ವರ್ಷವಾಗಿದ್ದಾಗ, ಊರಾಚೆ ನಾಲ್ಕು ಮೈಲಿ ದೂರದ ಆಲೆಮನೆಗೆ ಬೆಲ್ಲ ಕಾಯಿಸುವ ಕೂಲಿಗೆ ಹೋದವಳು ಮತ್ತೆ ಮನೆಗೆ ಬರಲಿಲ್ಲ. ಬೆಲ್ಲದ ಲಾರಿಯವನ ಜೊತೆ ಹೋದಳಂತೆ ಎಂದು ಸುದ್ದಿ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಯಾವ ಲಾರಿ, ಯಾವ ಊರಿನವನು, ಕಂಡವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅವತ್ತಿನಿಂದ ಖುರ್ಷಿದ್‌ಗೆ ಬೀದಿಯಲ್ಲಿ ಸ್ವಂತ ಹೆಸರು ಉಳಿಯಲಿಲ್ಲ. ಓಡಿಹೋದವಳ ಮಗಳು ಎಂದರೆ ಸಾಕಿತ್ತು. ಮೂರು ಸಂಬಂಧಗಳು ಬಾಗಿಲ ತನಕ ಬಂದು ಆ ಒಂದು ಮಾತಿಗೆ ತಿರುಗಿ ಹೋದವು. ನಾಲ್ಕನೆಯವನು ಹೆಂಡತಿ ಸತ್ತ, ಇಬ್ಬರು ಮಕ್ಕಳ ತಂದೆ. ಅವನಿಗೆ ಕೊಟ್ಟು ಕೈ ತೊಳೆದುಕೊಂಡರು.

ಅಪ್ಪ ಇಮಾಮ್ ಸಾಬ್ ಕಬ್ಬಿನ ಗಾಡಿ ಹೊಡೆಯುವುದನ್ನು ಬಿಟ್ಟ, ಆಮೇಲೆ ಜನರ ಮುಖ ನೋಡುವುದನ್ನೂ ಬಿಟ್ಟ, ಕೊನೆಗೊಂದು ದಿನ ಸತ್ತ. ಸಾಯುವ ಮುಂಚೆ, "ಆ ಹೆಸರನ್ನ ನನ್ನ ಗೋರಿ ಹತ್ರ ಯಾರೂ ಎತ್ತಬಾರ್ದು" ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದ. ಖುರ್ಷಿದ್ ಆ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ಪ್ರತಿ ವರ್ಷ ಷಬೆ ಬರಾತ್‌ನಲ್ಲಿ ಸತ್ತವರ ಹೆಸರು ಹೇಳಿ ಫಾತೆಹಾ ಓದಿಸುವಾಗ ಅಪ್ಪನ ಹೆಸರು, ಗಂಡನ ಹೆಸರು, ಗಂಡನ ಮೊದಲ ಹೆಂಡತಿಯ ಹೆಸರು ಕೂಡ ಹೇಳುತ್ತಿದ್ದಳು. ತಾಯಿಯ ಹೆಸರು ಹೇಳುತ್ತಿರಲಿಲ್ಲ.

ಅಂಥವಳು ಆ ಆಲೆಮನೆಯಿದ್ದ ತೋಟದ ಮನೆಯನ್ನೇ ಮಗನ ಕೈಲಿ ಕೊಳ್ಳಿಸಿದಳು.

ಮಗ ಪೀರ್ ಬಾಷಾನದು ಲಾರಿಗೆ ಬಾಡಿ ಕಟ್ಟುವ ಕೆಲಸ. ಹಳೇನಗರದ ಗಲ್ಲಿಯಲ್ಲಿ ಲಾರಿ ತಿರುಗಿಸಲು ಜಾಗವಿಲ್ಲದೆ ಒದ್ದಾಡುತ್ತಿದ್ದ. ಶೆಡ್ಡಿಗೂ ಮನೆಗೂ ಒಟ್ಟಿಗೇ ಆಗುವಂಥ ಜಾಗ ಹುಡುಕುತ್ತಿದ್ದಾಗ ಬ್ರೋಕರ್ ಶಿವಕುಮಾರ್ ಐದಾರು ಕಡೆ ಕರೆದುಕೊಂಡು ಹೋದ. ಈ ಮನೆಯ ಮುಂದೆ ಅವನೇ ಮೂಗು ಮುರಿದಿದ್ದ. "ಹಂಚು ಹೋಗಿದೆ, ಗೋಡೆ ಬಿರಿದಿದೆ. ಇದರ ರಿಪೇರಿ ದುಡ್ಡಲ್ಲಿ ಹೊಸ ಮನೇನೇ ಆಗುತ್ತೆ ಮಾರಾಯ." ತೋಟದ ಮನೆ ಎಂಬ ಹೆಸರಷ್ಟೆ, ಸುತ್ತಲಿನ ಕಬ್ಬಿನ ಗದ್ದೆಯೆಲ್ಲ ಸೈಟುಗಳಾಗಿ, ನಂಬರ್ ಬರೆದ ಕಲ್ಲುಗಳು ನಿಂತಿದ್ದವು. ಆದರೆ ಹಿತ್ತಿಲಲ್ಲಿ ನಿಂತಿದ್ದ ಕರಿ ಹಿಡಿದ ಮೊಂಡು ಚಿಮಣಿಯನ್ನು ಕಂಡ ಕೂಡಲೇ ಖುರ್ಷಿದ್‌ಗೆ ಗೊತ್ತಾಯಿತು. ಅಪ್ಪನ ಗಾಡಿಯಲ್ಲಿ ಕಬ್ಬಿನ ಹೊರೆಯ ಮೇಲೆ ಕೂತು ಇಲ್ಲಿಗೆ ಬಂದಿದ್ದಳು. ಯಾರಿಗೂ ಹೇಳಲಿಲ್ಲ. ಇದೇ ಬೇಕು ಎಂದು ಹಠ ಹಿಡಿದಳು. ತನ್ನನ್ನು ಬಿಟ್ಟು ಅವಳು ಯಾವ ಮನೆಯಿಂದ ಲಾರಿ ಹತ್ತಿದಳೋ ಆ ಮನೆಯ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯಬೇಕು, ಅಷ್ಟೇ ಅವಳ ಆಸೆ.

ಮಾರಿದವರು ಜನಾರ್ದನ ಮೇಷ್ಟ್ರು. ಶಿವಮೊಗ್ಗದ ಕೋಟೆಯಲ್ಲಿ ಮನೆ, ಎಪ್ಪತ್ತೈದು ವರ್ಷ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ರಿಜಿಸ್ಟ್ರಿ ಮುಗಿದ ದಿನ ಪೀರ್ ಬಾಷಾನ ಕೈ ಹಿಡಿದುಕೊಂಡು ಒಂದೇ ಒಂದು ಮಾತು ಕೇಳಿದ್ದರು. "ಹಿತ್ತಿಲಲ್ಲಿ ಚಿಮಣಿ ಪಕ್ಕ ಒಂದು ಚೌಡಿ ಕಲ್ಲಿದೆ ಬಾಷಾ ಅವರೇ. ಅದನ್ನ ಕದಲಿಸಬೇಡಿ. ವರ್ಷಕ್ಕೊಂದು ಸಲ ನಾನು, ನಮ್ಮನೆಯವಳು ಬಂದು ಎಡೆ ಇಟ್ಟು ಹೋಗ್ತೀವಿ. ಅಷ್ಟು ನಡೆಸಿಕೊಡಿ." ಪೀರ್ ಬಾಷಾ ಒಳ್ಳೆಯವನು, ಅಂದರೆ ಹಿಂದೆಮುಂದೆ ನೋಡದೆ ಹೂಂ ಅನ್ನುವವನು. "ಅದಕ್ಕೇನಂತೆ ಮೇಷ್ಟ್ರೇ, ದೇವರ ಕೆಲಸ" ಎಂದು ಮಾತು ಕೊಟ್ಟು ಬಂದ.

ಸಂಕ್ರಾಂತಿ ಮುಗಿದ ಮೇಲೆ ಆಯೆಷಾ ಟೇಪು, ಕಾಗದ ಹಿಡಿದು ಅಳತೆಗೆ ಇಳಿದಳು. ಪೀರ್ ಬಾಷಾನ ಮಗಳು, ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ತನ್ನ ಮೊದಲ ಪ್ಲಾನು ತನ್ನ ಮನೆಯದೇ ಎಂದು ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಖುರ್ಷಿದ್ ಹೊಸ್ತಿಲ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿದಳು. ಅಂದುಕೊಂಡಷ್ಟು ರುಚಿಯಾಗಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

"ದಾದಿ, ಲಾರಿ ಒಳಗೆ ಬರ್ಬೇಕಂದ್ರೆ ಗೇಟು ಚಿಮಣಿ ಪಕ್ಕಾನೇ ಇಡ್ಬೇಕು. ಆ ಕಲ್ಲು ಅಡ್ಡ ಬರುತ್ತೆ," ಎಂದು ಆಯೆಷಾ ಅಜ್ಜಿಗೆ ಹೇಳಿದಳು.

"ಕಿತ್ತು ಬಿಸಾಕು."

"ಅಬ್ಬಾ ಮಾತು ಕೊಟ್ಟಿದಾರಲ್ಲ."

"ಮಾತು ಕೊಡೋರು ಗಂಡಸ್ರು, ಅದಕ್ಕೆ ಜಾಗ ಬಿಡೋರು ನಾವು. ಹೋಗು, ಕೊಟ್ಟಿಗೆ ಅಳತೆ ಮಾಡು ಹೋಗು."

ಕೊಟ್ಟಿಗೆಯ ಅಳತೆ ಕೂಡಿಬರಲಿಲ್ಲ. ಹೊರಗಿನಿಂದ ಮೂವತ್ತೆರಡು ಅಡಿ, ಒಳಗಿನಿಂದ ಇಪ್ಪತ್ಮೂರು. ಎರಡು ಕಡೆಯ ಮಣ್ಣಿನ ಗೋಡೆಯ ದಪ್ಪ ಕಳೆದರೂ ಆರು ಅಡಿ ಕಾಣೆಯಾಗಿತ್ತು. ಆಯೆಷಾ ಮೂರು ಸಲ ಟೇಪು ಹಿಡಿದಳು, ಟೇಪನ್ನೇ ಬೈದಳು, ಕೊನೆಗೆ ಹಿಂದಿನ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದಳು. ಪೀರ್ ಬಾಷಾ ಹಾರೆ ತಂದು ನಾಲ್ಕು ಏಟು ಹಾಕುತ್ತಲೇ ಗೋಡೆ ಕುಸಿದು ಒಳಗೊಂದು ಕೋಣೆ ಕಾಣಿಸಿತು. ಕಿಟಕಿಯಿಲ್ಲ, ಗೂಡಿಲ್ಲ. ಒಂದು ಹಗ್ಗದ ಮಂಚ, ಅದರ ಹಗ್ಗವೆಲ್ಲ ಗೆದ್ದಲು ತಿಂದು ನೆಲಕ್ಕೆ ಉದುರಿತ್ತು. ಮಂಚದ ಕಾಲ ಬಳಿ ಒಂದು ಮಣ್ಣಿನ ಕುಡಿಕೆ.

"ಚಿನ್ನ ಗಿನ್ನ ಹೂತಿಟ್ಟಿದಾರೇನೋ ನೋಡು," ಎಂದು ಪೀರ್ ಬಾಷಾ ನಕ್ಕ.

"ಯಾರಾದ್ರೂ ಮಂಚ ಹಾಕಿದ ಕೋಣೆಗೆ ಗೋಡೆ ಕಟ್ತಾರಾ ಅಬ್ಬಾ?" ಎಂದಳು ಆಯೆಷಾ. ಸ್ಟೋರ್ ರೂಮಿಗಾಗುತ್ತದೆ ಬಿಡು ಎಂದು ಪ್ಲಾನಿನಲ್ಲಿ ಬರೆದುಕೊಂಡರು.

ಅದಾದ ಮೂರನೆಯ ದಿನ, ಗುರುವಾರ, ಜನಾರ್ದನ ಮೇಷ್ಟ್ರು ಹೆಂಡತಿ ಸರಸ್ವತಮ್ಮನ ಜೊತೆ ಕಾರಿನಲ್ಲಿ ಬಂದಿಳಿದರು. ಚೌಡಿಗೆ ಎಡೆ. ಸರಸ್ವತಮ್ಮ ನಗುನಗುತ್ತ ಮಾತಾಡಿಸುವ ಹೆಂಗಸು. ಬುಟ್ಟಿ ಇಳಿಸಿಕೊಂಡು ಕಲ್ಲಿನ ಮುಂದೆ ಗುಡಿಸಿ, ನೀರು ಚಿಮುಕಿಸಿದರು. ಮೇಷ್ಟ್ರು ಕೈಕಾಲು ತೊಳೆಯಲು ನೀರು ಹುಡುಕಿಕೊಂಡು ಕೊಟ್ಟಿಗೆಯ ಕಡೆ ಹೋದರು. ಖುರ್ಷಿದ್ ಹಿತ್ತಿಲ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು.

ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳಿಗೆ ಚೌಡಿ ಗೊತ್ತಿಲ್ಲದೆ ಇರುತ್ತದೆಯೇ? ಯಾರ ಹಿತ್ತಿಲಲ್ಲಿ ಎಂಥ ಚೌಡಿ, ಯಾವ ಚೌಡಿಗೆ ಕೋಳಿ, ಯಾವ ಚೌಡಿಗೆ ಬರೀ ಹಣ್ಣುಕಾಯಿ, ಎಲ್ಲ ಕಂಡವಳು. ಮಂಗಳವಾರವೋ ಶುಕ್ರವಾರವೋ ಕಲ್ಲಿಗೆ ಅರಿಸಿನ ಬಳಿದು ಕುಂಕುಮ ಸುರಿಯುತ್ತಾರೆ. ಇಲ್ಲಿ ನೋಡಿದರೆ ಗುರುವಾರ, ಅವಳ ಮನೆಯಲ್ಲಿ ಫಾತೆಹಾ ಓದಿಸುವ ಜುಮೇರಾತ್. ಕಲ್ಲಿಗೆ ಕುಂಕುಮ ಮುಟ್ಟಿಸಲಿಲ್ಲ. ಸರಸ್ವತಮ್ಮ ಬುಟ್ಟಿಯಿಂದ ಹಸಿರು ಬಟ್ಟೆ ತೆಗೆದು ಕಲ್ಲಿಗೆ ಹೊದೆಸಿದರು. ಆಮೇಲೆ ಕೆಂಡದ ಬಟ್ಟಲಿಗೆ ಏನೋ ಪುಡಿ ಉದುರಿಸಿದರು. ಹೊಗೆ ಎದ್ದು ಮೂಗಿಗೆ ಬಡಿದಾಗ ಖುರ್ಷಿದ್ ಕೂತಲ್ಲಿಂದ ಎದ್ದಳು. ಲೋಬಾನ. ಸಾಕ್ಷಾತ್ ಲೋಬಾನ. ಎಲೆಯ ಮೇಲೆ ಬಡಿಸಿದ್ದು ಚಪಾತಿ ಪುಡಿ ಮಾಡಿ ಬೆಲ್ಲ ತುಪ್ಪ ಕಲಸಿದ ಮಲೀದ, ದರ್ಗಾಗಳಲ್ಲಿ ಹಂಚುತ್ತಾರಲ್ಲ, ಅದೇ.

"ಅಮ್ಮ, ಚೌಡಿಗೆ ಯಾರಾದ್ರೂ ಲೋಬಾನ ಹಾಕ್ತಾರಾ?"

ಸರಸ್ವತಮ್ಮ ತಲೆಯೆತ್ತಿ ನಕ್ಕರು. "ನೀವು ಕೇಳ್ತೀರಿ ಅಂತ ಗೊತ್ತಿತ್ತು ನೋಡಿ. ನಮ್ಮತ್ತೆ ಇದನ್ನ ಸಾಬರ ಚೌಡಿ ಅಂತಿದ್ರು. ನಾನು ಮದುವೆಯಾಗಿ ಬರೋ ಮುಂಚೆ ಈ ಮನೇಲಿ ಎರಡು ಕೂಸು ಹೋದ್ವಂತೆ, ಒಂದರ ಹಿಂದೊಂದು. ಜೋಯಿಸರ ಹತ್ರ ಪ್ರಶ್ನೆ ಕೇಳ್ಸಿದಾಗ, ಇಲ್ಲಿರೋಳಿಗೆ ಅವಳ ಜನದ ಊಟಾನೇ ಕೊಡ್ಬೇಕು, ಅವಳ ಜನದ ಹೊಗೇನೇ ಹಾಕ್ಬೇಕು ಅಂತ ಬಂತಂತೆ. ನಲವತ್ತೆಂಟು ವರ್ಷದಿಂದ ನಾನೇ ಮಾಡ್ತಿದೀನಿ. ಅಂಗಳದಲ್ಲಿ ಬೇರೆ ಒಲೆ ಹೂಡಿ."

ಹೇಳುತ್ತಲೇ ಅವರು ಎರಡನೆಯ ಎಲೆ ಹಾಕಿದರು, ಸಣ್ಣದು. ಅದಕ್ಕೂ ಮಲೀದ ಬಡಿಸಿ, ಪಕ್ಕದಲ್ಲಿ ಒಂದು ಅಚ್ಚು ಬೆಲ್ಲವಿಟ್ಟು, ಅದರ ಮೇಲೆ ಆರು ಹಸಿರು ಗಾಜಿನ ಬಳೆ ಇಟ್ಟರು.

"ಇದು ಯಾರಿಗೆ?"

"ಮಗೂಗೆ. ತಾಯಿಗೊಂದು ಎಡೆ, ಮಗೂಗೊಂದು. ಬಳೆ ಆರು ವರ್ಷದ ಹುಡುಗಿ ಕೈಗೆ ಆಗೋದೇ ಆಗ್ಬೇಕು ಅಂತ ನಮ್ಮತ್ತೆ ಅಂಗಡೀಲಿ ನಿಂತು ಅಳತೆ ತೋರಿಸ್ತಿದ್ರು."

"ಆರೇ ಯಾಕೆ?"

"ನಾನೂ ಕೇಳಿದ್ದೆ. ಕೇಳ್ಬೇಡ, ಇಡು ಅಂದಿದ್ರು."

ಖುರ್ಷಿದ್ ಬಗ್ಗಿ ಒಂದು ಬಳೆ ತೆಗೆದುಕೊಂಡಳು. ಸರಸ್ವತಮ್ಮ ಅಯ್ಯೋ ಎಂದರು, ತಡೆಯಲಿಲ್ಲ. ಬಳೆ ಅವಳ ನಾಲ್ಕು ಬೆರಳಿನ ತುದಿಯಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಜನಾರ್ದನ ಮೇಷ್ಟ್ರು ಬಂದರು. ಕೈಕಾಲು ತೊಳೆದಿರಲಿಲ್ಲ. ಒಡೆದ ಗೋಡೆ ನೋಡಿಬಂದ ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ಹೊರಡು, ಹೊರಡು ಸರಸ್ವತಿ," ಎಂದು ಹೆಂಡತಿಯನ್ನು ಎಬ್ಬಿಸಿ, ಎಡೆಗೆ ಕೈ ಕೂಡ ಮುಗಿಯದೆ ಕಾರು ಹತ್ತಿಸಿಕೊಂಡು ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೇ ಇಲ್ಲ.

ಖುರ್ಷಿದ್ ಬಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕೊಟ್ಟಿಗೆಗೆ ಹೋಗಿ ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಮುರುಕು ಮಂಚದ ಮುಂದೆ, ಕತ್ತಲಾಗುವ ತನಕ ನಿಂತಿದ್ದಳು. ಆಯೆಷಾ ಎರಡು ಸಲ ಬಂದು ಕರೆದಳು. ಅವಳು ಬೈಯಲಿಲ್ಲ. ಮೊಮ್ಮಗಳಿಗೆ ಹೆದರಿಕೆಯಾದದ್ದು ಆಗ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅವರು ಮೂವರೂ ಶಿವಮೊಗ್ಗದ ಕೋಟೆಯಲ್ಲಿ ಮೇಷ್ಟ್ರ ಮನೆಯ ಬಾಗಿಲಲ್ಲಿದ್ದರು. ದಾರಿಯುದ್ದಕ್ಕೂ ಖುರ್ಷಿದ್ ಮಗನಿಗೂ ಮೊಮ್ಮಗಳಿಗೂ ತನ್ನ ತಾಯಿಯ ಕಥೆ ಹೇಳಿದ್ದಳು. ನಲವತ್ತೇಳು ವರ್ಷದ ಮಗನಿಗೆ ತನ್ನ ಅಜ್ಜಿಯ ಹೆಸರು ಜೈತೂನ್ ಬಿ ಎಂದು ಗೊತ್ತಾದದ್ದೇ ಆ ಕಾರಿನಲ್ಲಿ.

ಮೇಷ್ಟ್ರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ಸರಸ್ವತಮ್ಮ ಕುರ್ಚಿ ಎಳೆದು, "ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದರು.

"ಕಾಫಿ ಬೇಡ ಅಮ್ಮ. ನೀವೂ ಇಲ್ಲೇ ಕೂತ್ಕೊಳ್ಳಿ. ನಲವತ್ತೆಂಟು ವರ್ಷ ಮಲೀದ ಮಾಡಿದೀರಲ್ಲ, ಯಾರಿಗೆ ಮಾಡಿದ್ದು ಅಂತ ತಿಳ್ಕೊಳ್ಳಿ." ಖುರ್ಷಿದ್ ಸೆರಗಿನ ಗಂಟು ಬಿಚ್ಚಿ ಬಳೆಯನ್ನು ಮೇಷ್ಟ್ರ ಮುಂದಿನ ಟೀಪಾಯಿಯ ಮೇಲಿಟ್ಟಳು. "ನಾನು ಇಮಾಮ್ ಸಾಬ್ ಮಗಳು. ಆ ಆರು ವರ್ಷದೋಳು. ಈ ಬಳೆ ನನಗೆ ಚಿಕ್ಕದಾಯ್ತು ಮೇಷ್ಟ್ರೇ."

ಮೇಷ್ಟ್ರು ಬಳೆಯನ್ನೇ ನೋಡಿದರು. ಒಳಗೆ ಕುಕ್ಕರು ಎರಡು ಸಲ ಕೂಗಿತು.

"ಮಾರೋವಾಗ ನೀವು ಅಂತ ಗೊತ್ತಿರ್ಲಿಲ್ಲ," ಎಂದರು ಕೊನೆಗೆ.

"ಗೊತ್ತಿದ್ರೆ ಮಾರ್ತಿರ್ಲಿಲ್ಲ. ಅದು ಬಿಡಿ. ನನ್ನ ತಾಯಿ ಯಾವ ಲಾರಿ ಹತ್ತಿದ್ಲು?"

"ಲಾರಿ ಇರ್ಲಿಲ್ಲ."

ಹೇಳಲು ಶುರು ಮಾಡಿದ ಮೇಲೆ ಮೇಷ್ಟ್ರು ನಿಲ್ಲಿಸಲಿಲ್ಲ. ಸಂಕ್ರಾಂತಿ ಹಬ್ಬಕ್ಕೆ ಊರಿಗೆ ಹೋದ ಆಳುಗಳು ಇನ್ನೂ ಬಂದಿರಲಿಲ್ಲ. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ, ಇಬ್ಬರು ಮನುಷ್ಯರು ಒಳಗೆ ಕೂರುವಷ್ಟು ದೊಡ್ಡದು. ಪಾಕ ಬಂದಾಗ ಅದಕ್ಕೆ ಗಳ ಸಿಕ್ಕಿಸಿ ನಾಲ್ಕು ಜನ ಗಂಡಸರು ಒಲೆಯಿಂದ ಇಳಿಸಬೇಕು. ಅವತ್ತು ಮೂರೇ ಜನ ಇದ್ದರು. ಪಾಕ ಸೀದು ಹೋಗುತ್ತದೆ ಎಂದು ಮೇಷ್ಟ್ರ ಅಪ್ಪಯ್ಯ, ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತಿದ್ದ ಜೈತೂನ್ ಬಿಗೆ ನಾಲ್ಕನೆಯ ತುದಿ ಹಿಡಿ ಎಂದರು. ನನ್ನ ಕೈಲಾಗಲ್ಲ ಒಡೆಯಾ ಎಂದಳು. ಹಿಡಿ ಎಂದರೆ ಹಿಡಿ ಎಂದರು. ಗಳ ಜಾರಿತು.

"ಸೊಂಟದಿಂದ ಕೆಳಗೆ," ಎಂದು ಮೇಷ್ಟ್ರು ಮುಂದೆ ಹೇಳಲಾರದೆ ಕೈಯಿಂದ ತೋರಿಸಿದರು.

"ಆಸ್ಪತ್ರೆಗೆ ಒಯ್ಲಿಲ್ವಾ?" ಎಂದು ಕೇಳಿದವಳು ಆಯೆಷಾ.

"ಒಯ್ದಿದ್ರೆ ಪೊಲೀಸ್ ಕೇಸಾಗ್ತಿತ್ತು. ಕೊಟ್ಟಿಗೆ ಕೋಣೇಲಿ ಬಾಳೆಲೆ ಹಾಸಿ ಮಲಗಿಸಿದ್ರು. ಎರಡು ದಿನ ಇದ್ಲು. ನಾನೇ ಕುಡಿಕೇಲಿ ನೀರು ಕೊಡ್ತಿದ್ದೆ. ನನಗಾಗ ಹನ್ನೆರಡು ವರ್ಷ. ಮಗಳನ್ನ ಕರ್ಕೊಂಡು ಬಾ ಅಂತಿದ್ಲು. ಖುರ್ಷಿ, ಖುರ್ಷಿ ಅಂತ... ಬೇರೆ ಮಾತೇ ಇರ್ಲಿಲ್ಲ."

ಖುರ್ಷಿದ್‌ಗೊಂದು ನೆನಪಿತ್ತು, ಅರವತ್ತಮೂರು ವರ್ಷ ಅದರ ಮೇಲೆ ಕಾಲಿಟ್ಟು ನಿಂತಿದ್ದಳು. ಬಾಗಿಲಲ್ಲಿ ಒಬ್ಬ ಹುಡುಗ, ಬಿಳಿ ಅಂಗಿ, ನೆತ್ತಿಯ ಮೇಲೆ ಜುಟ್ಟು, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಬೆಲ್ಲ. ಅಪ್ಪನಿಗೆ ಗಟ್ಟಿಯಾಗಿ ಏನೋ ಹೇಳಿದ. ಅಪ್ಪ ನೆಲಕ್ಕೆ ಕೂತ. ಹುಡುಗ ಬೆಲ್ಲವನ್ನು ಅವಳ ಕೈಗಿಟ್ಟು ಓಡಿದ.

"ಬೆಲ್ಲ ತಂದಿದ್ದು ನೀವು."

"ಹೂಂ."

"ಅವಳು ಬೆಲ್ಲದ ಲಾರಿಯೋನ ಜೊತೆ ಹೋದ್ಲು ಅಂತ ನಮ್ಮಪ್ಪಂಗೆ ಹೇಳಿದ್ದು ನೀವು."

"ಅಪ್ಪಯ್ಯ ಹೇಳ್ಕೊಟ್ಟು ಕಳ್ಸಿದ್ರು. ಹುಡುಗ ಹೇಳಿದ್ರೆ ಯಾರೂ ಅನುಮಾನ ಪಡಲ್ಲ ಅಂತ."

"ಯಾವತ್ತು ಕಳ್ಸಿದ್ರು? ಅವಳು ಸತ್ತ ಮೇಲಾ?"

ಮೇಷ್ಟ್ರು ಟೀಪಾಯಿಯ ಮೇಲಿನ ಬಳೆಯನ್ನು ಪಕ್ಕಕ್ಕೆ ಸರಿಸಿದರು.

"ಕೇಳಿದ್ದಕ್ಕೆ ಹೇಳಿ ಮೇಷ್ಟ್ರೇ. ನೀವು ನಮ್ಮನೆ ಬಾಗಿಲಿಗೆ ಬಂದಾಗ ನನ್ನ ತಾಯಿ ಸತ್ತಿದ್ಲಾ?"

"ಇಲ್ಲ," ಎಂದರು ಮೇಷ್ಟ್ರು. "ಇನ್ನೂ ಇದ್ಲು. ನಾನು ವಾಪಸ್ ಬಂದ ಮೇಲೆ, ಅವತ್ತು ಸಂಜೆ..."

ಪೀರ್ ಬಾಷಾ ಕುರ್ಚಿ ಒದ್ದು ಎದ್ದ. "ನಾಲ್ಕು ಮೈಲಿ! ನಾಲ್ಕು ಮೈಲಿ ಕಣ್ರೀ! ಸಾಯೋಳು ಮಗು ಕೇಳ್ತಿದಾಳೆ, ನೀವು ಮಗು ಬಾಗಿಲಿಗೆ ಬಂದು ಬೆಲ್ಲ ಕೊಟ್ಟು ಹೋದ್ರಾ? ಪೊಲೀಸ್ ಸ್ಟೇಷನ್ನಿಗೆ ನಡೀರಿ, ಏಳ್ರೀ ಮೇಲೆ!"

"ಕೂತ್ಕೋ ಬೇಟಾ," ಎಂದಳು ಖುರ್ಷಿದ್. "ಪೊಲೀಸರು ಯಾರನ್ನ ಹಿಡೀತಾರೆ, ಇವರಪ್ಪನ ಬೂದೀನಾ?"

ಮೇಷ್ಟ್ರು ಕೈ ಮುಗಿದರು. "ಖುರ್ಷಿದಮ್ಮ, ನಾನು ಹನ್ನೆರಡು ವರ್ಷದ ಹುಡುಗ. ನನಗೇನು ತಿಳೀತಿತ್ತು?"

"ಹದಿಮೂರು ಆಯ್ತಲ್ಲ? ಇಪ್ಪತ್ತಾಯ್ತಲ್ಲ? ಮೇಷ್ಟ್ರಾದ್ರಲ್ಲ, ಮಕ್ಕಳಿಗೆ ಸತ್ಯ ಹೇಳ್ಬೇಕು ಅಂತ ಶ್ಲೋಕ ಬಾಯಿಪಾಠ ಮಾಡ್ಸಿದ್ರಲ್ಲ? ಎಪ್ಪತ್ತೈದಾಯ್ತಲ್ಲ ಮೇಷ್ಟ್ರೇ? ಒಂದು ದಿನ, ಒಂದೇ ಒಂದು ದಿನ ಬಸ್ ಹತ್ತಿ ಬರೋಕಾಗ್ಲಿಲ್ವಾ?"

"ದೊಡ್ಡ ಶಾಂತಿ ಮಾಡಿಸ್ತೀನಿ. ನೀವು ಹೇಳಿದ ಹಾಗೆ, ನಿಮ್ಮ ಪದ್ಧತೀಲೇ..."

ಅಲ್ಲಿಯ ತನಕ ತಡೆದಿದ್ದು ಆಗ ಒಡೆಯಿತು. ಖುರ್ಷಿದ್ ಎದ್ದು ನಿಂತು ಕೂಗಿದ್ದು ಬೀದಿಯ ಆ ಬದಿಗೂ ಕೇಳಿಸಿತು. "ಶಾಂತಿನಾ? ಯಾರ ಶಾಂತಿ? ನಿಮ್ಮ ಮನೆ ಕೂಸುಗಳು ಸತ್ತಾಗ ನಿಮಗೆ ನನ್ನ ತಾಯಿ ನೆನಪಾದ್ಲು! ಅವಳಿಗೆ ಮಲೀದ ಬೇಕು, ಲೋಬಾನ ಬೇಕು ಅಂತ ಅಷ್ಟು ಚೆನ್ನಾಗಿ ಗೊತ್ತಿತ್ತು. ಅವಳ ಮಗು ಬದುಕಿದೆ, ಮಗೂಗೊಬ್ಬ ಅಪ್ಪ ಇದಾನೆ ಅಂತ ಗೊತ್ತಿರ್ಲಿಲ್ವಾ? ಕಲ್ಲಿಗೆ ವರ್ಷಾ ವರ್ಷಾ ಬಳೆ ಇಟ್ರಿ. ನಾನು ನಾಲ್ಕು ಮೈಲಿ ಆಚೆ ಬರೀ ಕೈಲಿದ್ದೆ! ಸತ್ತೋಳನ್ನ ದೇವರು ಮಾಡಿ ನಿಮ್ಮ ಹಿತ್ತಿಲಲ್ಲಿ ಇಟ್ಕೊಂಡ್ರಿ, ನಮಗೆ ಅವಳನ್ನ ಸೂಳೆ ಮಾಡಿ ಕಳ್ಸಿದ್ರಿ. ನಾನು ನನ್ನ ತಾಯೀನ ಅರವತ್ತಮೂರು ವರ್ಷ ಬೈದೆ. ದಿನಾ ಬೈದೆ. ಆ ಮಾತನ್ನೆಲ್ಲ ನೀವು ವಾಪಸ್ ತಗೊಳ್ತೀರಾ?"

ಹೇಳಿ ಮುಗಿಸಿದಾಗ ಸಿಟ್ಟು ತಾಯಿಯಿಂದ ಇಳಿದು ಮೇಷ್ಟ್ರ ಮೇಲೆ ಕೂತಿತ್ತು, ಆದರೆ ಅದರ ಒಂದು ಪಾಲು ಯಾರ ಮೇಲೂ ಕೂರದೆ ಅವಳ ಎದೆಯಲ್ಲೇ ಸುಡುತ್ತಿತ್ತು. ಅಪ್ಪನ ಗೋರಿಗೆ ಹೂ ಹಾಕಿಸಿದ ಪ್ರತಿ ಸಲವೂ ತಾನೂ ಆ ಸುಳ್ಳಿಗೆ ಒಂದು ಹಿಡಿ ಮಣ್ಣು ಹಾಕಿ ಗಟ್ಟಿ ಮಾಡಿದ್ದೆನಲ್ಲ ಎಂದು ಅನ್ನಿಸಿತು.

ಸರಸ್ವತಮ್ಮ ಗೋಡೆಗೆ ಒರಗಿ ನಿಂತಿದ್ದರು. ಕಣ್ಣಲ್ಲಿ ನೀರಿಲ್ಲ, ಮುಖದಲ್ಲಿ ನಿನ್ನೆಯ ನಗುವೂ ಇಲ್ಲ. "ಆ ಬೆಲ್ಲ ಯಾವ ಪಾಕದ್ದು?" ಎಂದು ಗಂಡನನ್ನು ಕೇಳಿದರು.

"ಯಾವ ಬೆಲ್ಲ?"

"ಇವರ ಕೈಗೆ ಕೊಟ್ರಲ್ಲ, ಆ ಬೆಲ್ಲ."

"ಸುಟ್ಕೊಳ್ಳೋ ಹಿಂದಿನ ದಿನದ್ದು. ಆಕೇನೇ ಬೆಂಕಿ ಒಡ್ಡಿ ಕಾಯಿಸಿದ್ದು."

ಸರಸ್ವತಮ್ಮ ಬಾಯಿಗೆ ಸೆರಗು ಹಿಡಿದರು. ಖುರ್ಷಿದ್ ಆ ಬೆಲ್ಲವನ್ನು ತಿಂದಿದ್ದಳು. ಅಪ್ಪ ನೆಲದ ಮೇಲೆ ಕೂತಿದ್ದಾಗ ಅವನ ಪಕ್ಕದಲ್ಲೇ ಕೂತು, ಎಲೆಯನ್ನೂ ನೆಕ್ಕಿ, ಪೂರ್ತಿ ತಿಂದಿದ್ದಳು.

"ಹೇಳಿ, ನಾನೇನು ಮಾಡ್ಬೇಕು?" ಎಂದರು ಮೇಷ್ಟ್ರು.

"ಸುಳ್ಳನ್ನ ಯಾರಿಗೆ ಹೇಳಿದ್ರೋ ಅವರಿಗೇ ಹೋಗಿ ನಿಜ ಹೇಳಿ."

"ನಿಮ್ಮ ತಂದೆ ತೀರಿಹೋಗಿದಾರಲ್ಲ..."

"ಖಬರಸ್ತಾನ ಎಲ್ಲೂ ಹೋಗಿಲ್ಲ. ಇವತ್ತು ಜುಮ್ಮಾ. ನಮಾಜ್ ಮುಗಿಸಿ ಬೀದಿ ಗಂಡಸ್ರು ಅಲ್ಲಿಗೆ ಬರ್ತಾರೆ. ಅವರ ಮುಂದೇನೇ ಹೇಳಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಬಿಡಿಸಿಕೋ ಎನ್ನುವ ನೋಟ. "ಇಷ್ಟು ವಯಸ್ಸಲ್ಲಿ, ಅಷ್ಟು ಜನರ ಎದುರು... ಒಂದು ಮರ್ಯಾದೆ ಅಂತ..."

"ಮರ್ಯಾದೆ ಮಾತು ಈ ಮನೇಲಿ ಇನ್ನು ಎತ್ತಬೇಡಿ," ಎಂದರು ಸರಸ್ವತಮ್ಮ. "ನಾನು ಭಕ್ತಿಯಿಂದ ಮಾಡ್ತಿದ್ದೆ ಕಣ್ರೀ. ನಲವತ್ತೆಂಟು ವರ್ಷ ಭಕ್ತಿಯಿಂದ ಮಾಡಿದೆ. ನಿಮ್ಮಪ್ಪ ಮಾಡಿದ್ದನ್ನ ಮುಚ್ಚೋಕೆ ನನ್ನ ಕೈ ಬೇಕಾಯ್ತಾ ನಿಮಗೆ? ಅಂಗಿ ಹಾಕ್ಕೊಳ್ಳಿ. ನಾನೂ ಬರ್ತೀನಿ."

ಎರಡು ಗಂಟೆಯ ಬಿಸಿಲಲ್ಲಿ ಭದ್ರಾವತಿ ಖಬರಸ್ತಾನದ ಗೇಟಿನ ಹೊರಗೆ ಮೂವರು ಹೆಂಗಸರು ನಿಂತಿದ್ದರು. ಅವರ ಕಡೆ ಹೆಂಗಸರು ಒಳಗೆ ಹೋಗುವುದಿಲ್ಲ. ಅಪ್ಪನ ಗೋರಿಯನ್ನು ಖುರ್ಷಿದ್ ಯಾವತ್ತೂ ಹತ್ತಿರದಿಂದ ಕಂಡವಳಲ್ಲ. ಬೇವಿನ ಮರದ ಎಡಕ್ಕೆ ಮೂರನೆಯದು ಎಂದು ಗೇಟಿನಿಂದಲೇ ಗುರುತು. ಕಾರಿನಲ್ಲಿ ಬರುವಾಗ ಆಯೆಷಾ ಅವಳ ಕೈ ಹಿಡಿದುಕೊಂಡು, "ದಾದಿ, ಗೇಟನ್ನ ಪೂರ್ವಕ್ಕೆ ಹಾಕ್ತೀನಿ. ಕಲ್ಲು ಇದ್ದಲ್ಲೇ ಇರ್ಲಿ. ನಾವೇ ಅಲ್ಲಿ ದುವಾ ಮಾಡ್ಸೋಣ," ಎಂದಿದ್ದಳು. ಜೈತೂನ್ ಬಿಯನ್ನು ಹೂತದ್ದು ಆ ಕಲ್ಲಿನ ಕೆಳಗೇ ಎಂದು ಮೇಷ್ಟ್ರು ಮನೆಯಿಂದ ಹೊರಡುವಾಗ ಹೇಳಿದ್ದರು.

ಪೀರ್ ಬಾಷಾ ಮೇಷ್ಟ್ರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಅಲ್ಲಲ್ಲಿ ಫಾತೆಹಾ ಓದುತ್ತಿದ್ದ ಹತ್ತಿಪ್ಪತ್ತು ಗಂಡಸರು ಪಂಚೆ, ವಿಭೂತಿಯ ಮುದುಕರನ್ನು ಕಂಡು ತಿರುಗಿ ನೋಡಿದರು. ಕೆಲವರು ಹತ್ತಿರ ಬಂದರು. ಮೇಷ್ಟ್ರು ಗೋರಿಯ ಮುಂದೆ ನಿಂತು, ತಲೆ ತಗ್ಗಿಸಿ, ತುಟಿ ಅಲ್ಲಾಡಿಸಿದರು.

"ಕೇಳ್ತಿಲ್ಲ," ಎಂದು ಖುರ್ಷಿದ್ ಗೇಟಿನಿಂದ ಕೂಗಿದಳು.

ಮೇಷ್ಟ್ರು ಮತ್ತೊಮ್ಮೆ ಹೇಳಿದರು. ಇಮಾಮ್ ಸಾಬ್ರೇ ಎನ್ನುವುದಷ್ಟೇ ಕೇಳಿಸಿತು.

"ಕೇಳ್ತಿಲ್ಲ ಮೇಷ್ಟ್ರೇ! ಅವತ್ತು ನಮ್ಮ ಬಾಗಿಲಲ್ಲಿ ಇಡೀ ಬೀದಿಗೆ ಕೇಳೋ ಹಾಗೆ ಹೇಳಿದ್ರಲ್ಲ, ಆ ಗಂಟಲೆಲ್ಲಿ ಹೋಯ್ತು?"

ಆಗ ಮೇಷ್ಟ್ರು ತಲೆಯೆತ್ತಿದರು. ಪಾಠ ಹೇಳಿ ಪಳಗಿದ ಗಂಟಲು, ಒಡೆದು ಹೋಯಿತು, ಆದರೂ ಖಬರಸ್ತಾನದ ಆ ತುದಿಗೆ ಮುಟ್ಟಿತು. "ಇಮಾಮ್ ಸಾಬ್ರೇ! ನಾನು ಸುಳ್ಳು ಹೇಳ್ದೆ! ನಿಮ್ಮ ಹೆಂಡ್ತಿ ಜೈತೂನ್ ಬಿ ಯಾರ ಜೊತೇನೂ ಹೋಗ್ಲಿಲ್ಲ. ನಮ್ಮ ಆಲೆಮನೇಲಿ ಸುಟ್ಕೊಂಡು ನಮ್ಮ ಕೊಟ್ಟಿಗೇಲಿ ಸತ್ಲು. ನಮ್ಮಪ್ಪ ಆಸ್ಪತ್ರೆಗೆ ಒಯ್ಲಿಲ್ಲ. ನಾನು ಸುಳ್ಳು ಹೇಳ್ದೆ!"

ಓದುತ್ತಿದ್ದವರೆಲ್ಲ ಓದು ನಿಲ್ಲಿಸಿದರು. ಯಾರೋ ಟೋಪಿ ತೆಗೆದು ಮುಖ ಒರೆಸಿಕೊಂಡರು. ಗೋರಿಯ ಹತ್ತಿರ ಎತ್ತಬಾರದ ಹೆಸರು ಗೋರಿಯ ತಲೆಯ ಮೇಲೇ ಬಿದ್ದಿತ್ತು. ಖುರ್ಷಿದ್ ಗೇಟಿನ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಸರಸ್ವತಮ್ಮ ಅಳುತ್ತಿದ್ದರು. ಅವಳು ಅಳಲಿಲ್ಲ.

"ಇನ್ನೊಂದು ಮಾತು ಬಿಟ್ರಿ ಮೇಷ್ಟ್ರೇ," ಎಂದಳು. "ಅವಳು ಯಾರನ್ನ ಕರೀತಿದ್ಲು?"

ಮೇಷ್ಟ್ರು ಗೋರಿಯಿಂದ ತಿರುಗಿ ಗೇಟಿನ ಕಡೆ ನೋಡಿದರು. "ಖುರ್ಷಿ," ಎಂದರು. "ಖುರ್ಷಿ, ಖುರ್ಷಿ ಅಂತ ಕರೀತಿದ್ಲು."

"ಇನ್ನೊಂದ್ಸಲ ಹೇಳಿ," ಎಂದಳು ಖುರ್ಷಿದ್ ಬೇಗಂ.